ಏನು ನುಡಿಸುತ್ತೀರಿ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ

ಲಂಡನ್ನಿನ ಸಂಗೀತ ಸಭಾಂಗಣಗಳಲ್ಲಿ ಪಿಯಾನೊ ಶ್ರುತಿ ಮಾಡುವುದು ನನ್ನ ವೃತ್ತಿ. ರಾತ್ರಿಯ ಕಛೇರಿಯಲ್ಲಿ ಏನಿದೆ ಎಂಬುದರ ಮೇಲೆ ನಮ್ಮ ಹಗಲು ನಿಂತಿರುತ್ತದೆ. ರಾಖ್ಮನಿನೋವ್‌ನ ಕೃತಿ ಇದ್ದರೆ ಹೊಡೆತಕ್ಕೆ ತಂತಿ ಸಡಿಲಗೊಳ್ಳದಂತೆ ಬಿರಡೆಗಳನ್ನು ಭದ್ರವಾಗಿ ಕೂರಿಸುವುದೇ ದೊಡ್ಡ ಕೆಲಸ. ಶೂಬರ್ಟ್‌ನ ಕೃತಿ ಇದ್ದರೆ ಎಡ ಪೆಡಲ್‌ನ ಮೆಲುದನಿಗೆ ಹೆಚ್ಚು ಸಮಯ ಕೊಡುತ್ತೇವೆ.

ಈಗ ಕೆಲವು ಕಲಾವಿದರು ನುಡಿಸುವ ಕೃತಿಗಳ ಪಟ್ಟಿಯನ್ನೇ ಮೊದಲು ಕೊಡುವುದಿಲ್ಲ. ಇವರಲ್ಲಿ ಪ್ರಸಿದ್ಧರು ಪಿಯಾನೊ ವಾದಕ ಆಂಡ್ರಾಶ್ ಶಿಫ್, 1953ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದವರು. ಇತ್ತೀಚಿನ ವರ್ಷಗಳಲ್ಲಿ ಅವರ ಏಕವ್ಯಕ್ತಿ ಕಛೇರಿಗಳಿಗೆ ಮುದ್ರಿತ ಕಾರ್ಯಕ್ರಮ ಇರುವುದು ಅಪರೂಪ. ವೇದಿಕೆಗೆ ಬಂದ ಮೇಲೆ ಏನು ನುಡಿಸುತ್ತೇನೆ, ಏಕೆ ನುಡಿಸುತ್ತೇನೆ ಎಂದು ಅವರೇ ಮಾತನಾಡಿ ಹೇಳುತ್ತಾರೆ. ಇದು ಹೊಸದೇನೂ ಅಲ್ಲ. ವಿಯೆನ್ನಾದ ಪಿಯಾನೊ ವಾದಕ ಫ್ರೀಡ್ರಿಶ್ ಗುಲ್ಡಾ ಕಾರ್ಯಕ್ರಮವನ್ನು ಮೊದಲೇ ಹೇಳದೆ ನುಡಿಸಿ ವ್ಯವಸ್ಥಾಪಕರನ್ನು ಹಿಂದೆಯೇ ಗೋಳಾಡಿಸಿದ್ದರು. 1840ರಲ್ಲಿ ಇದೇ ಲಂಡನ್ನಿನಲ್ಲಿ ತನ್ನ ಕಛೇರಿಗೆ 'ರಿಸೈಟಲ್' ಎಂಬ ಹೆಸರು ಹಚ್ಚಿದ ಪಿಯಾನೊ ವಾದಕ, ಸಂಗೀತಕಾರ ಲಿಸ್ಟ್, ಕೇಳುಗರು ಕೊಟ್ಟ ಧಾಟಿಗಳನ್ನು ಹಿಡಿದು ಅಲ್ಲೇ ಕಲ್ಪಿಸಿ ನುಡಿಸುತ್ತಿದ್ದವನು.

ಕರ್ನಾಟಕ ಸಂಗೀತ ಕೇಳುತ್ತಾ ಬೆಳೆದವರಿಗೆ ಇದರಲ್ಲಿ ಬೆರಗಾಗುವಂಥದ್ದೇನು ಎನಿಸಬಹುದು. ನಮ್ಮ ಮೃದಂಗದವರು ಮುಂದಿನ ಕೃತಿ ಯಾವುದೆಂದು ತಿಳಿಯದೆಯೇ ಕೂತಿರುತ್ತಾರಲ್ಲ! ಆದರೆ ಇಲ್ಲಿ ಆ ಕ್ಷಣಕ್ಕೆ ಬಿಟ್ಟಿರುವುದು ಆಯ್ಕೆ ಮಾತ್ರ, ಸ್ವರಗಳಲ್ಲ. ಒಂದೇ ಧಾಟಿ ಹಲವು ದನಿಗಳಲ್ಲಿ ಒಂದರ ಹಿಂದೊಂದು ಬರುವಂತೆ ಬಾಖ್ ಬರೆದ ಫ್ಯೂಗ್‌ಗೆ ಯಾರೂ ನೆರವಲ್ ಮಾಡುವುದಿಲ್ಲ, ಒಂದು ಸಾಲನ್ನು ಹಿಡಿದು ಅಲ್ಲೇ ಬೆಳೆಸುವುದಿಲ್ಲ. ಹಾಗೆ ಆಯ್ದುಕೊಳ್ಳುವ ಸ್ವಾತಂತ್ರ್ಯಕ್ಕೆ ಕೈಯಲ್ಲಿ ಬಂಡವಾಳ ಬೇಕು. ಶಿಫ್ ಬೀಥೋವನ್ನನ 32 ಸೊನಾಟಾಗಳನ್ನೂ ಬಾಖ್‌ನ 48 ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳನ್ನೂ ವೇದಿಕೆಯಲ್ಲಿ ನುಡಿಸಿದವರು. ಅಷ್ಟು ಕಂಠಸ್ಥವಾಗಿರುವವರು ಸಂಜೆ ಆಯ್ಕೆ ಮಾಡಿದರೆ ಅದನ್ನು ಉಡಾಫೆ ಎನ್ನಲಾಗದು.

ನಮ್ಮ ಪಾಡು ಬೇರೆ. ಇಂಥ ಕಲಾವಿದರು ಬರುವ ದಿನ ನಾನು ಕೇಳುವ ಪ್ರಶ್ನೆ ಈಗ ಇಷ್ಟೇ: ಯಾವುದು ಖಂಡಿತ ಇಲ್ಲ? ಇದಕ್ಕೆ ಎಲ್ಲರೂ ಸಂತೋಷದಿಂದ ಉತ್ತರ ಕೊಡುತ್ತಾರೆ. 'ಏನು ನುಡಿಸುತ್ತೀರಿ' ಎಂದರೆ ಬಿಗಿಯುವ ಮುಖ, 'ಏನು ನುಡಿಸುವುದಿಲ್ಲ' ಎಂದರೆ ಅರಳುತ್ತದೆ. ತಮಗೆ ಯಾವ ಸಂಗೀತಕಾರ ಏಕೆ ಒಗ್ಗುವುದಿಲ್ಲ ಎಂದು ಹೇಳಲು ಪಿಯಾನೊ ವಾದಕರಿಗೆ ಒಳ್ಳೆಯ ಉತ್ಸಾಹ. ಇಪ್ಪತ್ತನೆಯ ಶತಮಾನದ ಅಬ್ಬರ ಇಲ್ಲ ಎಂದು ತಿಳಿದರೆ ಸಾಕು, ತಂತಿಗಳನ್ನು ಬಡಿಯುವ ಸುತ್ತಿಗೆಗಳ ಉಣ್ಣೆಯ ಹೊದಿಕೆಯಾದ ಫೆಲ್ಟನ್ನು ಗಡುಸಾಗಿಡುವ ಅಗತ್ಯ ತಪ್ಪುತ್ತದೆ. ಸೂಜಿಯಿಂದ ಅದನ್ನು ಹದವಾಗಿ ಚುಚ್ಚಿ ಧ್ವನಿಯನ್ನು ದುಂಡಗೆ ಮಾಡಬಹುದು.

ಉಳಿದದ್ದು ಸಮತೋಲನದ ಕೆಲಸ, ನಿಜಕ್ಕೂ ಬೆವರಿಳಿಸುವುದು ಇದೇ. ಒಂದೇ ಕೃತಿಗಾಗಿ ವಾದ್ಯವನ್ನು ಅಣಿಗೊಳಿಸುವಾಗ ಅದು ಮುಟ್ಟದ ಮೂಲೆಗಳನ್ನು ಸ್ವಲ್ಪ ಕಡೆಗಣಿಸಬಹುದು. ಪಟ್ಟಿ ಇಲ್ಲದಿದ್ದರೆ ಬೆರಳಿಡುವ 88 ಮನೆಗಳಲ್ಲಿ ಯಾವುದಕ್ಕೂ ರಿಯಾಯಿತಿ ಇಲ್ಲ. ಪೆಡಲ್ ಮುಟ್ಟದೆ ಬಾಖ್ ನುಡಿಸುವವರಾದರೆ ಬೆರಳೆತ್ತಿದೊಡನೆ ನಾದವನ್ನು ಅಡಗಿಸುವ ಡ್ಯಾಂಪರ್ ತಂತಿಯ ಮೇಲೆ ಸದ್ದಿಲ್ಲದೆ ಕೂರಬೇಕು. ಸ್ವರ ಹುಟ್ಟುವಷ್ಟೇ ಸ್ಪಷ್ಟವಾಗಿ ಅದು ಮುಗಿಯುವುದೂ ಕೇಳಿಸುತ್ತದೆ. ಬೀಥೋವನ್ನನ ಕೊನೆಯ ಸೊನಾಟಾ, ಓಪಸ್ 111 ಬಂದೀತೆಂದು ತಾರಸ್ಥಾಯಿಯಲ್ಲಿ ಎರಡು ಸ್ವರಗಳನ್ನು ಬಿರುಸಾಗಿ ಅದಲುಬದಲು ನುಡಿಸುವ ಟ್ರಿಲ್‌ಗಳಿಗೂ ಸಿದ್ಧವಾಗಿರಬೇಕು. ಅಲ್ಲಿ ಒಂದು ಮನೆಗೆ ಮೂರು ತಂತಿ. ಮೂರರಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಅಲೆಯಾಡುವ ಕಂಪನ ಏಳುತ್ತದೆ. ಎಡ ಪೆಡಲ್ ಒತ್ತಿದಾಗ ಸುತ್ತಿಗೆಗಳು ಪಕ್ಕಕ್ಕೆ ಸರಿದು ಫೆಲ್ಟ್‌ನ ಬೇರೆ ಭಾಗದಿಂದ ಬಡಿಯುವುದರಿಂದ ಆ ಭಾಗವನ್ನೂ ಪ್ರತ್ಯೇಕವಾಗಿ ಹದಗೊಳಿಸಬೇಕು. ಒಟ್ಟಿನಲ್ಲಿ ಅವರು ನಿರ್ಧಾರವನ್ನು ಸಂಜೆಗೆ ತಳ್ಳಿದಷ್ಟೂ ನಾನು ಬೆಳಿಗ್ಗೆ ಬೇಗ ಬರಬೇಕಾಗುತ್ತದೆ.

ಮಧ್ಯಾಹ್ನದ ಅಭ್ಯಾಸವನ್ನು ಕೇಳಿ ಊಹಿಸುವ ಪಾಠ ಹೇಳುವ ಸಹೋದ್ಯೋಗಿಗಳಿದ್ದಾರೆ. ನಾನು ಅದನ್ನು ನಂಬುವುದಿಲ್ಲ. ಹಗಲಿನಲ್ಲಿ ಪದೇಪದೇ ತಿದ್ದಿದ ಭಾಗ ರಾತ್ರಿ ಬಾರದೇ ಹೋಗುವುದೇ ಹೆಚ್ಚು. ಅದರ ಬದಲು ವಿರಾಮದಲ್ಲಿ ವೇದಿಕೆಗೆ ಹೋಗಲು ಹೆಚ್ಚು ನಿಮಿಷಗಳನ್ನು ಮೊದಲೇ ಕೇಳಿ ಇಟ್ಟುಕೊಳ್ಳುತ್ತೇನೆ. ಅದನ್ನು ಪಡೆಯುವುದೇ ಕಷ್ಟ. ಮೊದಲ ಭಾಗ ಎಷ್ಟು ಹೊತ್ತು ನಡೆಯುತ್ತದೆ, ತಡವಾಗಿ ಬಂದವರನ್ನು ಯಾವಾಗ ಒಳಗೆ ಬಿಡಬೇಕು, ಕೊನೆಯ ರೈಲಿಗೆ ಜನ ಹೊರಡುವುದು ಹೇಗೆ ಎಂದು ಸಭಾಂಗಣದ ವ್ಯವಸ್ಥಾಪಕಿ ಆಗಲೇ ತಲೆ ಕೆಡಿಸಿಕೊಂಡಿರುತ್ತಾಳೆ. ಪಿಯಾನೊ ಕೆಳಗೆ ತೂರಿರುವ ನನ್ನ ಬಳಿ ಬಂದು ಬಗ್ಗಿ, ನಿನಗಾದರೂ ಏನಾದರೂ ಹೇಳಿದ್ದಾರೆಯೇ ಎಂದು ಪಿಸುಗುಟ್ಟುತ್ತಾಳೆ. ಲಿಸ್ಟ್ ಇಲ್ಲವಂತೆ ಎನ್ನುತ್ತೇನೆ.