ಹೆಸರು ಅಳಿಸಿದ ಮೂರು ಸೀಸೆಗಳು

ಆಷಾಢದ ಮಳೆ ಎಡೆಬಿಡದೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ಶಿವಮೊಗ್ಗದ ಪ್ರಯೋಗಾಲಯದಲ್ಲಿ ನನ್ನ ಕೈತಪ್ಪಿ ಮೆಥನಾಲ್ ಚೆಲ್ಲಿ, ಮೂರು ಪುಟ್ಟ ಸೀಸೆಗಳ ಮೇಲೆ ಮಾರ್ಕರ್ ಪೆನ್ನಿನಿಂದ ಬರೆದಿದ್ದ ಹೆಸರುಗಳು ಅಳಿಸಿಹೋದವು. ಒಂದರಲ್ಲಿ ಐಸೊಕ್ರೈಸಿಸ್ ಎಂಬ ಪಾಚಿಯ, ಉಳಿದೆರಡರಲ್ಲಿ ಕೀಟೊಸೆರಾಸ್ ಮತ್ತು ಥಲಾಸಿಯೊಸಿರಾ ಎಂಬ ಡಯಾಟಮ್‌ಗಳ (ಗಾಜಿನಂಥ ಸಿಲಿಕಾ ಕವಚದ ಪಾಚಿಗಳ) ಕೊಬ್ಬಿನ ಸಾರವಿತ್ತು. ಕರಾವಳಿಯಿಂದ ಹುಲಿಕಲ್ ಘಾಟಿ ಹತ್ತಿಸಿ ತಂದು ಉಪ್ಪುನೀರಿನಲ್ಲಿ ಬೆಳೆಸಿದ್ದ ಈ ಸೂಕ್ಷ್ಮಪಾಚಿಗಳಿಂದ, ಕ್ಲೋರೊಫಾರ್ಮ್, ಮೆಥನಾಲ್ ಮತ್ತು ನೀರನ್ನು ಬಳಸುವ 1959ರ ಬ್ಲೈ–ಡಯರ್ ವಿಧಾನದಲ್ಲಿ ಕೊಬ್ಬನ್ನು ತೆಗೆದು ಚರಟವನ್ನು ಚೆಲ್ಲಿಯಾಗಿದ್ದರಿಂದ, ಸೂಕ್ಷ್ಮದರ್ಶಕದಲ್ಲಿ ನೋಡಲು ಏನೂ ಉಳಿದಿರಲಿಲ್ಲ.

ನಮ್ಮ ಮನೆಯಲ್ಲಿ ಅಮ್ಮ ಚೀಟಿಯಿಲ್ಲದ ಡಬ್ಬಿಗಳಲ್ಲಿ ಕೊಬ್ಬರಿ ಎಣ್ಣೆ ಯಾವುದು, ಮುರುಗಲು ತುಪ್ಪ ಯಾವುದು ಎಂಬುದನ್ನು ಹೆಪ್ಪುಗಟ್ಟುವ ಬಗೆ ನೋಡಿಯೇ ಹೇಳುತ್ತಿದ್ದಳು. ಅವುಗಳ ಕೊಬ್ಬಿನಾಮ್ಲಗಳು ಬೇರೆಯಾಗಿರುವುದೇ ಅದಕ್ಕೆ ಕಾರಣ. ನನಗೂ ಅದೇ ದಾರಿ ಉಳಿದಿತ್ತು.

ಸಾರಗಳನ್ನು ಸುಲಭವಾಗಿ ಆವಿಯಾಗುವ ಮೀಥೈಲ್ ಎಸ್ಟರ್‌ಗಳಾಗಿ ಮಾರ್ಪಡಿಸಿ, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ನಕ್ಷೆಯಲ್ಲಿ ತೋರಿಸುವ ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರಕ್ಕೆ ಹಾಕಿದೆ. ಎರಡು ಸೀಸೆಗಳಲ್ಲಿ, 16 ಇಂಗಾಲ ಮತ್ತು ಒಂದೇ ದ್ವಿಬಂಧವುಳ್ಳ ಪಾಮಿಟೊಲಿಯಿಕ್ ಆಮ್ಲವೂ, 20 ಇಂಗಾಲ ಮತ್ತು 5 ದ್ವಿಬಂಧಗಳ ಇಪಿಎ ಎಂಬ ಆಮ್ಲವೂ ಎತ್ತರದ ಶಿಖರಗಳಾಗಿ ಮೂಡಿದವು; ಇದು ಡಯಾಟಮ್‌ಗಳ ಲಕ್ಷಣ. ಮೂರನೆಯದರಲ್ಲಿ ಇಪಿಎ ತೀರಾ ಕಡಿಮೆಯಿದ್ದು, 22 ಇಂಗಾಲಗಳ ಡಿಎಚ್‌ಎ ಮತ್ತು 18 ಇಂಗಾಲ, 4 ದ್ವಿಬಂಧಗಳ ಆಮ್ಲ ಎದ್ದುಕಂಡವು. ಅಷ್ಟಕ್ಕೇ ನಂಬದೆ, ಉಳಿದಿದ್ದ ಸಾರವನ್ನು ಬೇರೆ ಕಾಲಮ್‌ನಲ್ಲಿ ಉಷ್ಣತೆ ಏರಿಸುತ್ತ ಓಡಿಸಿದಾಗ, ಕೊನೆಯಲ್ಲಿ 37 ಇಂಗಾಲಗಳ ಆಲ್ಕೀನೋನ್‌ಗಳೆಂಬ ಉದ್ದ ಸರಪಳಿಯ ಅಣುಗಳು ಹೊರಬಂದವು. ಐಸೊಕ್ರೈಸಿಸ್ ಸೇರಿದಂತೆ ಹ್ಯಾಪ್ಟೊಫೈಟ್ ಎಂಬ ಗುಂಪಿನ ಕೆಲವು ಪಾಚಿಗಳು ಇವನ್ನು ತಯಾರಿಸುತ್ತವೆ, ಡಯಾಟಮ್‌ಗಳು ತಯಾರಿಸುವುದಿಲ್ಲ. ಐಸೊಕ್ರೈಸಿಸ್ ಸಿಕ್ಕಿತು.

ತೊಡಕು ಎದುರಾದದ್ದು ಡಯಾಟಮ್‌ಗಳಲ್ಲಿ. ಒಂದರಲ್ಲಿ ಇಪಿಎ ಪಾಲು ಕಡಿಮೆಯಿತ್ತು; ಅದನ್ನೇ ಹಿಡಿದು ಜಾತಿಯ ಹೆಸರು ಬರೆದುಬಿಡುವ ಆಸೆಯೂ ಆಯಿತೆನ್ನಬೇಕು. ಆದರೆ ನೈಟ್ರೋಜನ್ ಮುಗಿದಾಗ ಪಾಚಿಯ ಕೋಶ ಟ್ರೈಗ್ಲಿಸರೈಡ್‌ಗಳೆಂಬ ದಾಸ್ತಾನು ಕೊಬ್ಬನ್ನು ಕೂಡಿಡುತ್ತದೆ, ಆಗ ಆಮ್ಲಗಳ ಪ್ರಮಾಣವೂ ಬದಲಾಗುತ್ತದೆ. ನನ್ನ ಪ್ರಯೋಗದ ಟಿಪ್ಪಣಿ ಪುಸ್ತಕ ತೆರೆದು ನೋಡಿದರೆ, ಎರಡನ್ನೂ ಕೊಯ್ದ ದಿನಗಳು ಬೇರೆ ಬೇರೆಯಾಗಿದ್ದವು. ಕಾಣುತ್ತಿದ್ದ ವ್ಯತ್ಯಾಸ ಜಾತಿಯದೋ ಹಸಿವಿನದೋ ಎಂದು ಹೇಳುವಂತಿರಲಿಲ್ಲ. ಕೊಬ್ಬು ಗುಂಪನ್ನು ಗಟ್ಟಿಯಾಗಿ ಹೇಳುತ್ತದೆ, ಜಾತಿಯ ವಿಷಯದಲ್ಲಿ ಅದರ ಮಾತು ಅಷ್ಟು ಖಚಿತವಲ್ಲ.

ಆ ಎರಡು ಸೀಸೆಗಳನ್ನು ಪಕ್ಕಕ್ಕಿಟ್ಟು, ಡಯಾಟಮ್‌ಗಳನ್ನು ಒಂದೇ ಬೆಳಕು, ಒಂದೇ ಉಷ್ಣತೆಯಲ್ಲಿ ಮತ್ತೆ ಬೆಳೆಯಲು ಹಾಕಿದೆ. ಈ ಸಲ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದೆ.