ಬೆತ್ತದ ಕೆಳಗಿನ ಸಂದು

ಹಳೆಯ ಮರದ ಕುರ್ಚಿಯೊಂದು ಕಣ್ಣಿಗೆ ಬಿದ್ದರೆ ಅದನ್ನು ಮಗುಚಿ ಅಡಿಭಾಗವನ್ನು ನೋಡದೆ ಮುಂದೆ ಹೋಗಲಾಗದ ಚಟ ನನಗಿದೆ. ಕೋಪನ್‌ಹೇಗನ್ನಿನ ಡಿಸೈನ್ ಮ್ಯೂಸಿಯಂನಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಅಲ್ಲಿ ಸುರಂಗದಂತಹ ಓಣಿಯಲ್ಲಿ ಡೆನ್ಮಾರ್ಕಿನ ಕುರ್ಚಿಗಳನ್ನು, ಗೂಡಿನಲ್ಲಿ ದೇವರನ್ನು ಕೂರಿಸಿದಂತೆ, ಒಂದೊಂದಾಗಿ ಇರಿಸಿದ್ದಾರೆ. ಕೂರಲಾಗದ ಕುರ್ಚಿಯನ್ನು ಕಣ್ಣಿನಲ್ಲಷ್ಟೇ ನೋಡುವುದು ಬರಿಯ ಒಗ್ಗರಣೆಯ ಘಮದಲ್ಲಿ ಊಟ ಮುಗಿಸಿದಂತೆ. ಆದರೂ ಹಾನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ ದುಂಡು ಕುರ್ಚಿಯ ನೆನಪು ಅಲ್ಲಿಂದ ನನ್ನ ಜೊತೆಯಲ್ಲೇ ಬಂದಿದೆ.

ವೆಗ್ನರ್ 1914ರಲ್ಲಿ, ಇಂದಿನ ಡೆನ್ಮಾರ್ಕಿನ ದಕ್ಷಿಣ ಅಂಚಿನಲ್ಲಿರುವ ಟೊಂಡರ್ ಪಟ್ಟಣದಲ್ಲಿ, ಪಾದರಕ್ಷೆ ಮಾಡುವವರ ಮಗನಾಗಿ ಹುಟ್ಟಿದರು. ಹದಿಹರೆಯದಲ್ಲೇ ಬಡಗಿಯೊಬ್ಬರ ಬಳಿ ಕೆಲಸಕ್ಕೆ ಸೇರಿ ಉಳಿ ಹಿಡಿದ ಮೇಲೆ ವಿನ್ಯಾಸವನ್ನು ಓದಲು ಹೋದವರು. ಈ ಕುರ್ಚಿಯನ್ನು ಅವರಿಗಾಗಿ ಮಾಡಿದ್ದು ಯೋಹಾನೆಸ್ ಹಾನ್ಸೆನ್ ಅವರ ಮರಗೆಲಸದ ಕಾರ್ಖಾನೆ.

ಬಾಗಿದ ಬೆನ್ನು ಮತ್ತು ಎರಡು ಕೈಗಳು ಒಂದೇ ಪಟ್ಟಿಯಾಗಿ ಹರಿಯುವ ರೂಪ ಅದರದು. ಆದರೆ ಅಷ್ಟು ಬಾಗುವ ಭಾಗವನ್ನು ಒಂದೇ ಹಲಗೆಯಿಂದ ಕೆತ್ತಿದರೆ ಎಲ್ಲೋ ಒಂದು ಕಡೆ ಮರದ ಎಳೆ ಅಡ್ಡಕ್ಕೆ ಬಂದು, ಅಲ್ಲೇ ಮುರಿಯುವ ಭಯವಿರುತ್ತದೆ. ಆದ್ದರಿಂದ ನಡುವಿನ ಬೆನ್ನನ್ನೂ ಎರಡು ಕೈಗಳನ್ನೂ ಬೇರೆ ಬೇರೆಯಾಗಿ ಕೆತ್ತಿ ಕೂಡಿಸಬೇಕಾಯಿತು. ಕೂಡಿಸಿದ ಸಂದುಗಳು ಕಾಣದಂತೆ ಮೊದಲ ಕುರ್ಚಿಗಳ ಬೆನ್ನಿಗೆ ಬೆತ್ತವನ್ನು ಸುತ್ತಿದ್ದರು. ನೋಡುವವರಿಗೆ ಅದು ಅಲಂಕಾರ, ಬಡಗಿಗೆ ಅದು ಮುಸುಕು. ಮರುವರ್ಷವೇ ವೆಗ್ನರ್ ಆ ಮುಸುಕನ್ನು ತೆಗೆದುಹಾಕಿ, ಎರಡೂ ಕೈಗಳ ಬೆರಳುಗಳನ್ನು ಒಂದರೊಳಗೊಂದು ಸೇರಿಸಿದಂತೆ ಹಲ್ಲುಹಲ್ಲಾಗಿ ಕೂಡುವ ಸಂದನ್ನು ಎಲ್ಲರಿಗೂ ಕಾಣುವಂತೆ ಬಿಟ್ಟರು. ನನ್ನ ಮಟ್ಟಿಗೆ ಈ ಕುರ್ಚಿ ನಿಜವಾಗಿ ಹುಟ್ಟಿದ್ದು ಆಗಲೇ. ಅಮೆರಿಕದಲ್ಲಿ ಅದಕ್ಕೆ ‘ದ ಚೇರ್’ ಎಂಬ ಹೆಸರೇ ನಿಂತಿತು. 1960ರಲ್ಲಿ ಅಲ್ಲಿನ ಅಧ್ಯಕ್ಷ ಚುನಾವಣೆಯ ಟೆಲಿವಿಷನ್ ಚರ್ಚೆಯಲ್ಲಿ ಅಭ್ಯರ್ಥಿಗಳಾದ ಕೆನಡಿ ಮತ್ತು ನಿಕ್ಸನ್ ಕುಳಿತದ್ದೂ ಇದರ ಮೇಲೆಯೇ.

ಬೆನ್ನಿನಿಂದ ಹೋದ ಬೆತ್ತ ಆಸನದಲ್ಲಿ ಮಾತ್ರ ಉಳಿಯಿತು. ಚರ್ಮದ ಆಸನದ ಇನ್ನೊಂದು ಬಗೆಯೂ ಇದೆ. ಚರ್ಮ ಕೂತವರ ಬೆವರು, ಎಣ್ಣೆ, ಬಿಸಿಲುಗಳನ್ನು ಕುಡಿದು ಬಣ್ಣ ಗಾಢವಾಗುತ್ತಾ ಚಂದ ಕಾಣುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೂ ನನ್ನ ಮತ ಬೆತ್ತಕ್ಕೆ. ಅದು ಗಾಳಿಯಾಡುತ್ತದೆ, ಹರಿದಾಗ ಮರಕ್ಕೆ ಗಾಯವಾಗದಂತೆ ಬಿಚ್ಚಿ ಹೊಸದಾಗಿ ಹೆಣೆಯಬಹುದು.

ಹೆಣೆಯುವವರು ಸರಿಯಾಗಿರಬೇಕು, ಅಷ್ಟೆ. ನಮ್ಮ ಮನೆಯ ಹಳೆಯ ತೇಗದ ಕುರ್ಚಿಯನ್ನು ಒಮ್ಮೆ ರಿಪೇರಿಗೆ ಕೊಟ್ಟಾಗ, ರಂಧ್ರ ರಂಧ್ರಕ್ಕೂ ಎಳೆ ಪೋಣಿಸಿ ಹೆಣೆಯುವ ಬದಲು ಯಂತ್ರದಲ್ಲಿ ನೇಯ್ದ ಬೆತ್ತದ ಹಾಳೆಯನ್ನು ಅಂಟಿನಿಂದ ಕೂರಿಸಿ ಕಳುಹಿಸಿದ್ದರು. ಆರು ತಿಂಗಳಿಗೆ ಅದು ಜೋಲಿಯಂತೆ ಇಳಿಬಿದ್ದಿತು. ಬೆತ್ತದ ಎಳೆಯನ್ನು ನೀರಿನಲ್ಲಿ ನೆನೆಸಿ ಹೆಣೆದರೆ ಒಣಗುವಾಗ ಅದೇ ಬಿಗಿದುಕೊಳ್ಳುತ್ತದೆ. ಆ ಬಿಗಿಯೇ ಆಸನದ ಪ್ರಾಣ. ಎರಡನೆಯ ಸಲ ನಾನೇ ಎದುರಿಗೆ ಕುಳಿತು ಹೆಣೆಸಿದೆ, ಮೂರು ದಿನ ಹಿಡಿಯಿತು.

ಇಂತಹ ಹಳೆಯ ಕುರ್ಚಿಯನ್ನು ಕೊಳ್ಳುವ ಆಸೆಯುಳ್ಳವರು ಮೊದಲು ಹೊಳಪಿಗೆ ಮರುಳಾಗದೆ ಕೈ ಮತ್ತು ಬೆನ್ನು ಸೇರುವ ಜಾಗದಲ್ಲಿ ಬೆರಳಾಡಿಸಬೇಕು. ಸಂದು ಬಾಯಿ ಬಿಟ್ಟಿದ್ದರೆ ಕೈಗೇ ತಿಳಿಯುತ್ತದೆ. ಆಮೇಲೆ ಕುರ್ಚಿಯನ್ನು ಮಗುಚಿ, ತಯಾರಕರು ಮರಕ್ಕೆ ಸುಟ್ಟು ಒತ್ತಿದ ಗುರುತನ್ನು ಹುಡುಕಬೇಕು. ಬೆತ್ತ ಹರಿದಿದೆ ಎಂಬುದನ್ನು ಮಾತ್ರ ಬೆಲೆ ಇಳಿಸಲು ಕಾರಣವಾಗಿ ಬಳಸಿಕೊಳ್ಳಿ, ಕುರ್ಚಿಯನ್ನು ಬಿಟ್ಟು ಬರಲು ಅಲ್ಲ.