ಹೆನ್ಲೆ ಕುಣಿಕೆಯಲ್ಲಿ ಕ್ಲೋರೈಡಿನ ದಾರಿ

ಮೂತ್ರಪಿಂಡದ ಕೆಲಸವನ್ನು ವಿವರಿಸುವವರು ಸಾಮಾನ್ಯವಾಗಿ ಸೋಡಿಯಮ್ಮಿನ ಕಥೆಯನ್ನೇ ಹೇಳುತ್ತಾರೆ. ಕ್ಲೋರೈಡನ್ನು ಅದರ ಬೆನ್ನ ಹಿಂದೆ ತಾನಾಗಿಯೇ ಬರುವ ಅಯಾನು ಎಂಬಂತೆ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಮೂತ್ರಪಿಂಡದಲ್ಲಿ ಸೋಸಿದ ದ್ರವ ಹರಿಯುವ ಸಣ್ಣ ಕೊಳವೆಯೇ ನಾಳಿಕೆ; ಅದು ಕೆಳಗಿಳಿದು ತಿರುಗಿ ಮೇಲೇರುವ ತಿರುವೇ ಹೆನ್ಲೆ ಕುಣಿಕೆ. ಅದರ ಮೇಲೇರುವ ದಪ್ಪ ಭಾಗದ ಮಟ್ಟಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅಲ್ಲಿ ಕ್ಲೋರೈಡ್ ಕೋಶದಿಂದ ರಕ್ತದ ಕಡೆಗೆ ಹೊರಬೀಳುವ ದಾರಿ ಕೆಟ್ಟರೆ ಉಳಿದ ಸಾಗಣೆಯೂ ಕುಂಟುತ್ತದೆ.

ವಯಸ್ಕರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ; ಮೂತ್ರವಾಗಿ ಹೋಗುವುದು ಒಂದೂವರೆ ಲೀಟರಿನ ಆಸುಪಾಸು. ಸೋಸಿದ ಉಪ್ಪಿನಲ್ಲಿ ಕಾಲು ಭಾಗದಷ್ಟನ್ನು ಮರಳಿ ಹೀರುವುದು ಈ ದಪ್ಪ ಭಾಗ. ಇದರ ಗೋಡೆ ನೀರನ್ನು ದಾಟಗೊಡುವುದಿಲ್ಲ. ಉಪ್ಪು ಹೊರಗೆ ಹೋಗಿ ನೀರು ಒಳಗೇ ಉಳಿಯುವುದರಿಂದ ನಾಳಿಕೆಯ ದ್ರವ ಸಪ್ಪೆಯಾಗುತ್ತದೆ, ಸುತ್ತಲಿನ ಅಂಗಾಂಶದಲ್ಲಿ ಉಪ್ಪು ಸೇರುತ್ತದೆ. ಮುಂದೆ, ನಾಳಿಕೆಗಳು ಬಂದು ಕೂಡುವ ಸಂಗ್ರಾಹಕ ನಾಳದಿಂದ ನೀರನ್ನು ಎಳೆದುಕೊಳ್ಳಲು ಬೇಕಾಗುವುದು ಇದೇ ಉಪ್ಪು.

ನಾಳಿಕೆಯ ಕಡೆಗಿರುವ ಪೊರೆಯಲ್ಲಿ ಎನ್‌ಕೆಸಿಸಿ2 ಎಂಬ ವಾಹಕ ಪ್ರೋಟೀನು ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ ಮತ್ತು ಎರಡು ಕ್ಲೋರೈಡ್ ಅಯಾನುಗಳನ್ನು ಒಟ್ಟಿಗೆ ಒಳತರುತ್ತದೆ. ಪೊಟ್ಯಾಸಿಯಂ ರೋಮ್‌ಕೆ ಎಂಬ ಚಾನಲ್ಲಿನ (ಪೊರೆಯಲ್ಲಿ ಅಯಾನು ಹಾಯುವ ರಂಧ್ರದ) ಮೂಲಕ ಬಂದ ಕಡೆಗೇ ಹಿಂದಿರುಗುತ್ತದೆ. ಸೋಡಿಯಮ್ಮನ್ನು ರಕ್ತದ ಕಡೆಯ ಪಂಪು ಕೋಶದ ಶಕ್ತಿಯ ಅಣುವಾದ ಎಟಿಪಿಯನ್ನು ವ್ಯಯಿಸಿ ಹೊರಹಾಕುತ್ತದೆ. ಕ್ಲೋರೈಡ್ ಮಾತ್ರ ಕೋಶದೊಳಗೆ ಸಮತೋಲಕ್ಕಿಂತ ಹೆಚ್ಚಾಗಿ ಕೂಡಿಕೊಂಡು, ಪಂಪಿನ ಹಂಗಿಲ್ಲದೆ, ಮುಖ್ಯವಾಗಿ ಸಿಎಲ್‌ಸಿ-ಕೆಬಿ ಎಂಬ ಚಾನಲ್ಲಿನ ಮೂಲಕ ರಕ್ತದ ಕಡೆಗೆ ಇಳಿಯುತ್ತದೆ. ಒಂದು ಕಡೆ ಧನ ಅಯಾನು ನಾಳಿಕೆಗೆ ಮರಳಿ, ಇನ್ನೊಂದು ಕಡೆ ಋಣ ಅಯಾನು ರಕ್ತಕ್ಕೆ ಹೋಗುವುದರಿಂದ ನಾಳಿಕೆಯ ಒಳಭಾಗ ಕೆಲವು ಮಿಲಿವೋಲ್ಟಿನಷ್ಟು ಧನವಾಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಸೋಡಿಯಮ್ಮಿನ ಒಂದು ಪಾಲು ಕೋಶಗಳ ನಡುವಿನ ಸಂದಿನಿಂದ ದಾಟುವುದು ಈ ವೋಲ್ಟೇಜಿನ ಬಲದಿಂದ.

1973ರಲ್ಲಿ ಮೊಲದ ನಾಳಿಕೆಯನ್ನು ಬಿಡಿಸಿ ತೆಗೆದು ಅದರೊಳಗೆ ದ್ರವ ಹರಿಸಿ ಅಳೆದಾಗ ಕಂಡದ್ದು ಈ ಧನ ವೋಲ್ಟೇಜೇ. ಋಣ ಅಯಾನಾದ ಕ್ಲೋರೈಡ್ ಅದಕ್ಕೆ ಎದುರಾಗಿ ಸಾಗುತ್ತಿದ್ದುದರಿಂದ, ಕ್ಲೋರೈಡಿಗೇ ಮೀಸಲಾದ ಪಂಪು ಇರಬೇಕೆಂದು ಹಲವರು ಊಹಿಸಿದರು. ಆ ಕಾಲದ ಸಾಕ್ಷ್ಯಕ್ಕೆ ಅದು ಸಹಜವಾದ ತೀರ್ಮಾನವೇ ಆಗಿತ್ತು. 1980ರ ದಶಕದ ಆರಂಭದಲ್ಲಿ ಜರ್ಮನಿಯ ರೈನರ್ ಗ್ರೆಗರ್ ಮತ್ತು ಎಬರ್‌ಹಾರ್ಡ್ ಶ್ಲಾಟರ್ ಅವರು ಕ್ಲೋರೈಡ್ ಒಳಬರುವುದು ಸೋಡಿಯಂ, ಪೊಟ್ಯಾಸಿಯಂಗಳ ಜೊತೆಯಲ್ಲಿ ಎಂದು ತೋರಿಸಿದ ಮೇಲೆ ಆ ಪಂಪಿನ ಅಗತ್ಯವೇ ಉಳಿಯಲಿಲ್ಲ. ಲ್ಯಾಸಿಕ್ಸ್ ಎಂಬ ಹೆಸರಿನಲ್ಲಿ ನಮಗೆ ಪರಿಚಿತವಾದ, ಮೂತ್ರ ಹೆಚ್ಚಿಸುವ ಔಷಧ ಫ್ಯುರೋಸೆಮೈಡ್ ತಡೆಯುವುದು ಈ ಜಂಟಿ ವಾಹಕವನ್ನೇ.

ಅಮೆರಿಕದ ವೈದ್ಯ ಫ್ರೆಡರಿಕ್ ಬಾರ್ಟರ್ 1962ರಲ್ಲಿ ವರ್ಣಿಸಿದ ರೋಗದಲ್ಲಿ ರಕ್ತದ ಪೊಟ್ಯಾಸಿಯಂ ಕುಸಿದಿರುತ್ತದೆ, ಕ್ಷಾರತೆ ಏರಿರುತ್ತದೆ, ಉಪ್ಪನ್ನು ದೇಹದಲ್ಲಿ ಹಿಡಿದಿಡುವ ಹಾರ್ಮೋನಾದ ಅಲ್ಡೋಸ್ಟೀರೋನ್ ಹೆಚ್ಚಿದ್ದರೂ ರಕ್ತದೊತ್ತಡ ಏರುವುದಿಲ್ಲ. ಅದರ ಒಂದು ಬಗೆಗೆ ಸಿಎಲ್‌ಸಿ-ಕೆಬಿ ಚಾನಲ್ಲಿನ ಜೀನಿನ ದೋಷ ಕಾರಣವೆಂದು 1997ರಲ್ಲಿ ಗೊತ್ತಾಯಿತು. ನನ್ನನ್ನು ಹೆಚ್ಚು ಸೆಳೆದದ್ದು 2001ರಲ್ಲಿ ಪತ್ತೆಯಾದ ಇನ್ನೊಂದು ಬಗೆ. ಅದರಲ್ಲಿ ಕೆಟ್ಟಿರುವುದು ಚಾನಲ್ಲಲ್ಲ, ಅದಕ್ಕೆ ಜೊತೆಯಾಗಿ ನಿಲ್ಲುವ ಬಾರ್ಟಿನ್ ಎಂಬ ಪುಟ್ಟ ಪ್ರೋಟೀನು. ಭ್ರೂಣವೇ ಅತಿಯಾಗಿ ಮೂತ್ರ ವಿಸರ್ಜಿಸುವುದರಿಂದ ಗರ್ಭದ ನೀರು ಮಿತಿಮೀರುತ್ತದೆ, ಮಗು ಹುಟ್ಟುವಾಗಲೇ ಕಿವುಡಾಗಿರುತ್ತದೆ. ಒಳಗಿವಿಯಲ್ಲಿ ಅದೇ ಬಳಗದ ಚಾನಲ್ಲಾದ ಸಿಎಲ್‌ಸಿ-ಕೆಎ ಮತ್ತು ಸಿಎಲ್‌ಸಿ-ಕೆಬಿ ಎರಡೂ ಇರುವುದರಿಂದ ಒಂದು ಕೆಟ್ಟರೆ ಇನ್ನೊಂದು ನಿಭಾಯಿಸುತ್ತದೆ; ಬಾರ್ಟಿನ್ ಇಲ್ಲದಿದ್ದರೆ ಎರಡೂ ಕೈಬಿಡುತ್ತವೆ. ಎರಡೂ ಚಾನಲ್ಲುಗಳ ಜೀನುಗಳು ಒಟ್ಟಿಗೆ ಕೆಟ್ಟ ಮಗುವಿನಲ್ಲಿಯೂ ಅದೇ ಕಿವುಡು, ಅದೇ ಉಪ್ಪಿನ ನಷ್ಟ ಇದ್ದುದು 2004ರಲ್ಲಿ ವರದಿಯಾದಾಗ ಈ ವಿವರಣೆ ಇನ್ನಷ್ಟು ಗಟ್ಟಿಯಾಯಿತು.

ಕೆಟ್ಟ ಚಾನಲ್ಲನ್ನು ಸರಿಪಡಿಸುವ ಔಷಧ ಇಂದಿಗೂ ಚಿಕಿತ್ಸೆಯಲ್ಲಿಲ್ಲ. ವೈದ್ಯರು ಸೋಡಿಯಂ ಕ್ಲೋರೈಡನ್ನೂ ಪೊಟ್ಯಾಸಿಯಮ್ಮನ್ನೂ ತುಂಬಿಕೊಡುತ್ತಾರೆ, ಕೆಲವು ಮಕ್ಕಳಿಗೆ ಇಂಡೋಮೆಥಾಸಿನ್ ಎಂಬ ಉರಿಯೂತ ತಡೆಯುವ ಔಷಧವನ್ನು ಸೇರಿಸುತ್ತಾರೆ. ಪೊಟ್ಯಾಸಿಯಮ್ಮನ್ನು ಕೊಡುವಾಗ ಸಿಟ್ರೇಟ್ ರೂಪವನ್ನು ಬಿಟ್ಟು ಕ್ಲೋರೈಡ್ ರೂಪವನ್ನೇ ಆರಿಸುತ್ತಾರೆ. ಸಿಟ್ರೇಟ್ ಮೊದಲೇ ಏರಿರುವ ಕ್ಷಾರತೆಯನ್ನು ಇನ್ನಷ್ಟು ಏರಿಸುತ್ತದೆ, ದೇಹ ಕಳೆದುಕೊಂಡಿರುವ ಕ್ಲೋರೈಡೂ ಅದರಿಂದ ಮರಳಿ ಸಿಗುವುದಿಲ್ಲ.